ಯಾವ ಯಂತ್ರಕ್ಕೆ ಏನು ಕಾಣುವುದಿಲ್ಲ?

ವಿಜಯಪುರದಲ್ಲಿ ವಿಜ್ಞಾನಾಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪವಿದು. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಗೆ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಾನು ವೈದ್ಯನಲ್ಲ, ಭೌತಶಾಸ್ತ್ರ ಕಲಿಸುವವನು. ನಿಮ್ಮ ನೋವಿಗೆ ಯಾವ ಸ್ಕ್ಯಾನ್ ಬೇಕು ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಆ ಯಂತ್ರಗಳ ಒಳಗೆ ನಡೆಯುವುದೇನು ಎಂಬುದನ್ನಷ್ಟೇ ನಾನು ಹೇಳಬಲ್ಲೆ.

ನಮ್ಮ ಜನರ ಮನಸ್ಸಿನಲ್ಲಿ ಒಂದು ಏಣಿ ಇದೆ. ಎಕ್ಸ್-ರೇ ಕೆಳಗಿನ ಮೆಟ್ಟಿಲು, ಅದರ ಮೇಲೆ ಸೋನೋಗ್ರಫಿ, ಅದರ ಮೇಲೆ ಸಿಟಿ ಸ್ಕ್ಯಾನ್, ತುದಿಯಲ್ಲಿ ಎಂಆರ್‌ಐ. ಬಿಲ್ಲಿನ ಮೊತ್ತ ಏರಿದಂತೆ ರೋಗವೂ ಹೆಚ್ಚು ಚೆನ್ನಾಗಿ ಕಾಣುತ್ತದೆ ಎಂಬ ಲೆಕ್ಕ ಅದು. ‘ಅವೆಲ್ಲ ಬೇಡ ಸಾಹೇಬರೇ, ನೇರವಾಗಿ ದೊಡ್ಡ ಸ್ಕ್ಯಾನಿಗೇ ಬರೆದುಕೊಡಿ’ ಎಂದು ವೈದ್ಯರನ್ನು ಒತ್ತಾಯಿಸುವವರನ್ನು ನೀವೂ ಕಂಡಿರುತ್ತೀರಿ. ಅಂಥ ಏಣಿಯೇ ಇಲ್ಲ ಎಂದು ತೋರಿಸುವುದು ಇವತ್ತಿನ ನನ್ನ ಕೆಲಸ. ಪ್ರತಿಯೊಂದು ಯಂತ್ರವೂ ದೇಹದ ಒಂದೋ ಎರಡೋ ಭೌತಿಕ ಗುಣಗಳನ್ನು ಅಳೆಯುತ್ತದೆ, ಉಳಿದದ್ದಕ್ಕೆ ಅದು ಕುರುಡು. ಅದಕ್ಕೆ ಏನು ಕಾಣುವುದಿಲ್ಲ ಎಂಬುದು ತಿಳಿದರೆ ಅದು ಏನನ್ನು ಅಳೆಯುತ್ತಿದೆ ಎಂಬುದೂ ಬಿಡಿಸಿಕೊಳ್ಳುತ್ತದೆ.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಬಿಸಿಲಿನಲ್ಲಿ ಬೆವರು ಹರಿದು, ಕುಡಿದ ನೀರು ಸಾಲದೆ ಹೋದರೆ ಮೂತ್ರ ಸಾಂದ್ರವಾಗಿ ಮೂತ್ರಪಿಂಡದಲ್ಲಿ ಹರಳು ಕಟ್ಟುವ ಸಾಧ್ಯತೆ ಹೆಚ್ಚುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಜಿಲ್ಲೆಯಲ್ಲಿ ಆ ನೋವನ್ನು ವಿವರಿಸಿ ಹೇಳುವ ಅಗತ್ಯವಿಲ್ಲ. ಆ ಹರಳನ್ನೇ ಒಂದೊಂದು ಯಂತ್ರದ ಮುಂದೆ ಇಟ್ಟು ನೋಡೋಣ.

ಮೊದಲು ಎಕ್ಸ್-ರೇ. 1895ರ ನವೆಂಬರ್ 8ರಂದು ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ನಲ್ಲಿ ರಾಂಟ್ಜನ್ ಈ ಕಿರಣವನ್ನು ಕಂಡದ್ದು, ಡಿಸೆಂಬರ್‌ನಲ್ಲಿ ಹೆಂಡತಿಯ ಕೈಯ ಚಿತ್ರ ತೆಗೆದದ್ದು, 1901ರಲ್ಲಿ ಭೌತಶಾಸ್ತ್ರದ ಮೊದಲ ನೊಬೆಲ್ ಪಡೆದದ್ದು ಶಾಲಾ ಪುಸ್ತಕಗಳಲ್ಲೇ ಬರುತ್ತದೆ, ಅದನ್ನು ದಾಟಿ ಹೋಗುತ್ತೇನೆ. ಕೊಳವೆಯೊಳಗೆ ಹತ್ತಾರು ಸಾವಿರ ವೋಲ್ಟ್‌ಗಳ ಸೆಳೆತಕ್ಕೆ ಸಿಕ್ಕ ಎಲೆಕ್ಟ್ರಾನುಗಳು ಟಂಗ್‌ಸ್ಟನ್ ಲೋಹಕ್ಕೆ ಅಪ್ಪಳಿಸುತ್ತವೆ. ಅವುಗಳ ಶಕ್ತಿಯಲ್ಲಿ ಎಕ್ಸ್ ಕಿರಣವಾಗುವುದು ಶೇ 1ರಷ್ಟು ಮಾತ್ರ, ಮಿಕ್ಕಿದ್ದೆಲ್ಲ ಬರಿಯ ಶಾಖ. ಅಷ್ಟು ದುಬಾರಿಯಾಗಿ ಹುಟ್ಟಿದ ಕಿರಣ ದೇಹದೊಳಗೆ ಹೊಕ್ಕಾಗ ಮುಖ್ಯವಾಗಿ ಎರಡು ಸಂಗತಿಗಳು ನಡೆಯುತ್ತವೆ. ಕೆಲವು ಕಣಗಳು ಪರಮಾಣುವಿನಲ್ಲಿ ಪೂರ್ತಿಯಾಗಿ ಹೀರಿಕೊಳ್ಳಲ್ಪಡುತ್ತವೆ, ಕೆಲವು ದಿಕ್ಕು ತಪ್ಪಿ ಚದುರುತ್ತವೆ. ಹೀರಿಕೆ ಎಷ್ಟು ಎಂಬುದು ಪರಮಾಣು ಸಂಖ್ಯೆಯ, ಅಂದರೆ ಒಂದು ಪರಮಾಣುವಿನಲ್ಲಿರುವ ಪ್ರೋಟಾನುಗಳ ಎಣಿಕೆಯ, ಘನದ ಲೆಕ್ಕದಲ್ಲಿ ಏರುತ್ತದೆ. ಮಾಂಸದಲ್ಲಿ ಹೆಚ್ಚಾಗಿ ಇರುವ ಆಮ್ಲಜನಕದ ಪರಮಾಣು ಸಂಖ್ಯೆ 8, ಮೂಳೆಯ ಕ್ಯಾಲ್ಸಿಯಂನದು 20. ಎರಡೂವರೆ ಪಟ್ಟು ಅಂತರ, ಆದರೆ ಘನ ತೆಗೆದರೆ ಹದಿನೈದು ಪಟ್ಟಿಗೂ ಹೆಚ್ಚು. ಮೂಳೆ ಬೆಳ್ಳಗೆ ಕಾಣುವುದು ಅದು ಗಟ್ಟಿ ಇರುವುದರಿಂದ ಎಂದು ಬಹಳ ಜನ ತಿಳಿದಿದ್ದಾರೆ. ಗಟ್ಟಿತನ ಎಕ್ಸ್-ರೇಗೆ ಗೊತ್ತೇ ಆಗುವುದಿಲ್ಲ. ಅದು ಲೆಕ್ಕ ಹಾಕುವುದು ದಾರಿಯಲ್ಲಿ ಯಾವ ಪರಮಾಣುಗಳು ಎಷ್ಟು ಒತ್ತಾಗಿ ಅಡ್ಡ ಬಂದವು ಎಂಬುದನ್ನು.

ಇದಕ್ಕೆ ಸಾಕ್ಷಿ ನಮ್ಮ ಹರಳೇ. ಮೂತ್ರಪಿಂಡದ ಹರಳುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂನವು. ಅವು ತೀರ ಸಣ್ಣವಲ್ಲದಿದ್ದರೆ ಫಿಲ್ಮಿನಲ್ಲಿ ಬಿಳಿ ಚುಕ್ಕೆಯಾಗಿ ಸಿಗುತ್ತವೆ. ಆದರೆ ಯೂರಿಕ್ ಆಮ್ಲದ ಹರಳು ಎಂಬುದೊಂದಿದೆ. ಮುಟ್ಟಿದರೆ ಅದೂ ಕಲ್ಲೇ, ಕೊಡುವ ನೋವೂ ಅದೇ. ಅದರಲ್ಲಿರುವುದು ಮಾತ್ರ ಇಂಗಾಲ, ಜಲಜನಕ, ಸಾರಜನಕ, ಆಮ್ಲಜನಕ. ಇವೇ ನಾಲ್ಕು ಸುತ್ತಲಿನ ಮಾಂಸದಲ್ಲೂ ಇವೆ. ಹೀಗಾಗಿ ಎಕ್ಸ್-ರೇ ಫಿಲ್ಮಿನಲ್ಲಿ ಆ ಕಲ್ಲು ಇದ್ದೂ ಇಲ್ಲದಂತೆ. ‘ಫಿಲ್ಮ್ ಸರಿಯಾಗಿದೆ, ನೋವು ಏಕೆ?’ ಎಂದು ಕೇಳುವ ರೋಗಿಯ ಅನುಮಾನದಲ್ಲಿ ತಪ್ಪಿಲ್ಲ.

ಫಿಲ್ಮಿಗೆ ಇನ್ನೊಂದು ಕೊರತೆ ಇದೆ. ಹೊಟ್ಟೆಯ ಮುಂಭಾಗದಿಂದ ಬೆನ್ನಿನವರೆಗೆ ಇರುವುದೆಲ್ಲ ಒಂದರ ಮೇಲೊಂದು ಬಿದ್ದು ಒಂದೇ ನೆರಳಾಗುತ್ತದೆ. ಕರುಳು, ಮಲ, ಬೆನ್ನುಮೂಳೆ, ಇವುಗಳ ನಡುವೆ ನಾಲ್ಕು ಮಿಲಿಮೀಟರಿನ ಹರಳನ್ನು ಹುಡುಕಬೇಕು. ಈ ಗೋಜಲನ್ನು ಬಿಡಿಸಿದ್ದೇ ಸಿಟಿ.

ಸಿಟಿಯಲ್ಲಿ ಕಿರಣ ಹೊಸದಲ್ಲ, ಗಣಿತ ಹೊಸದು. ದೇಹದ ಒಂದು ತೆಳುವಾದ ಪದರವನ್ನು ಸುತ್ತಲಿನ ನೂರಾರು ಕೋನಗಳಿಂದ ಎಕ್ಸ್ ಕಿರಣ ಹಾಯಿಸಿ ಅಳೆದರೆ, ಒಳಗಿನ ಪ್ರತಿಯೊಂದು ಬಿಂದು ಎಷ್ಟು ಹೀರಿತು ಎಂದು ಲೆಕ್ಕ ಹಾಕಿ ತೆಗೆಯಬಹುದು. ಹೀಗೆ ಸಾಧ್ಯ ಎಂದು ಆಸ್ಟ್ರಿಯಾದ ಗಣಿತಜ್ಞ ಯೋಹಾನ್ ರಾಡಾನ್ 1917ರಲ್ಲೇ ಸಾಧಿಸಿ ತೋರಿಸಿದ್ದರು, ವೈದ್ಯಕೀಯದ ಗೊಡವೆ ಅವರಿಗೆ ಇರಲಿಲ್ಲ. ಇಂಗ್ಲೆಂಡಿನ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಕಟ್ಟಿದ ಯಂತ್ರ 1971ರ ಅಕ್ಟೋಬರ್ 1ರಂದು ಮೊದಲ ರೋಗಿಯ ಮೆದುಳನ್ನು ನೋಡಿತು. ಒಂದು ಪದರಕ್ಕೆ 180 ಕೋನಗಳು, ಕೋನಕ್ಕೆ 160 ಅಳತೆಗಳು, ಒಟ್ಟು 28,800. ಕಂಡುಹಿಡಿಯಬೇಕಾದ ಚೌಕಗಳು 80 ಗುಣಿಸು 80, ಅಂದರೆ 6,400. ಸಮೀಕರಣ ಬಿಡಿಸಿದ ಯಾವ ವಿದ್ಯಾರ್ಥಿಗೂ ಅರ್ಥವಾಗುವ ಲೆಕ್ಕವಿದು. ಕಷ್ಟವೆಲ್ಲ ಗಾತ್ರದಲ್ಲಿತ್ತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅದೇ 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಎನ್. ರಾಮಚಂದ್ರನ್, ಎ. ವಿ. ಲಕ್ಷ್ಮೀನಾರಾಯಣನ್ ಅವರೊಂದಿಗೆ ಸೇರಿ ಒಂದು ಪ್ರಬಂಧ ಪ್ರಕಟಿಸಿದರು. ಪ್ರತಿ ಕೋನದ ಅಳತೆಯನ್ನು ಒಂದು ನಿರ್ದಿಷ್ಟ ಗಣಿತದ ಶೋಧಕದಲ್ಲಿ (ಫಿಲ್ಟರ್) ಹಾಯಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ಹರಡಿ ಕೂಡಿಸಿದರೆ ಚಿತ್ರ ಬೇಗನೆ ಸಿಗುತ್ತದೆ, ಅಳತೆಗಳನ್ನು ಅಲೆಗಳಾಗಿ ಒಡೆದು ಮಾಡುವ ಭಾರಿ ಫೂರಿಯೇ ಲೆಕ್ಕಗಳ ಹಂಗು ಬೇಕಾಗಿಲ್ಲ ಎಂಬುದು ಅದರ ತಿರುಳು. ಆ ಶೋಧಕವನ್ನು ಪ್ರಪಂಚದ ಪಠ್ಯಪುಸ್ತಕಗಳು ಇವತ್ತಿಗೂ ‘ರಾಮ್-ಲಾಕ್’ ಎಂದು ಕರೆಯುತ್ತವೆ. ಸಿಟಿಗಾಗಿ 1979ರ ನೊಬೆಲ್ ಹೌನ್ಸ್‌ಫೀಲ್ಡ್ ಮತ್ತು ಇದೇ ಗಣಿತವನ್ನು ಸ್ವತಂತ್ರವಾಗಿ ಬಿಡಿಸಿದ್ದ ಭೌತಶಾಸ್ತ್ರಜ್ಞ ಕಾರ್ಮ್ಯಾಕ್ ಅವರಿಗೆ ಹೋಯಿತು. ಅವರು ಅರ್ಹರೇ, ಅದರಲ್ಲಿ ತಕರಾರಿಲ್ಲ. ಆದರೆ ಸ್ಕ್ಯಾನ್ ಕೇಂದ್ರದ ಗೋಡೆಯ ಮೇಲೆ ರಾಂಟ್ಜನ್ ಚಿತ್ರ ತೂಗುಹಾಕುವವರು ಪಕ್ಕದಲ್ಲಿ ರಾಮಚಂದ್ರನ್ ಅವರದ್ದೂ ಒಂದನ್ನು ಹಾಕಬಹುದು.

ಸಿಟಿ ಕೊಡುವುದು ಚಿತ್ರವಲ್ಲ, ಸಂಖ್ಯೆಗಳ ಹಾಳೆ. ಅದನ್ನು ಬಣ್ಣ ತುಂಬಿ ನಮಗೆ ತೋರಿಸುತ್ತಾರೆ. ನೀರಿಗೆ 0, ಗಾಳಿಗೆ ಮೈನಸ್ 1000, ಕೊಬ್ಬಿಗೆ ಸುಮಾರು ಮೈನಸ್ 100, ಗಟ್ಟಿ ಮೂಳೆಗೆ 1000 ಅಥವಾ ಅದಕ್ಕೂ ಹೆಚ್ಚು. ಈ ಏಕಮಾನಕ್ಕೆ ಹೌನ್ಸ್‌ಫೀಲ್ಡ್ ಹೆಸರೇ ಇದೆ. ಮೆದುಳಿನದು 30ರಿಂದ 40ರ ಆಸುಪಾಸು, ಹೊಸದಾಗಿ ಹೆಪ್ಪುಗಟ್ಟಿದ ರಕ್ತದ್ದು 60ರಿಂದ 80. ಫಿಲ್ಮಿಗೆ ಈ ಅಂತರ ಏನೂ ಅಲ್ಲ, ಸಿಟಿಗೆ ಹಗಲಿನಷ್ಟು ಸ್ಪಷ್ಟ. ಲಕ್ವ ಹೊಡೆದವರನ್ನು ತಂದಾಗ ಮೊದಲು ಸಿಟಿಗೆ ಕಳಿಸುವುದು ಇದರಿಂದಲೇ. ಒಳಗೆ ರಕ್ತ ಸುರಿದಿದೆಯೇ ಎಂಬುದು ಕೆಲವೇ ನಿಮಿಷಗಳಲ್ಲಿ ತಿಳಿಯಬೇಕು. ಸುರಿದಿದ್ದರೆ ಹೆಪ್ಪು ಕರಗಿಸುವ ಔಷಧ ಪ್ರಾಣಕ್ಕೇ ಕುತ್ತು.

ಈಗ ಯೂರಿಕ್ ಆಮ್ಲದ ಹರಳನ್ನು ಸಿಟಿಯ ಕೆಳಗೆ ಇಡಿ. ಪರಮಾಣುಗಳು ಮಾಂಸದವೇ ಆದರೂ ಹರಳಿನಲ್ಲಿ ಅವು ಒತ್ತೊತ್ತಾಗಿ ಕೂತಿವೆ, ಅಷ್ಟು ಕಿರಣ ಹೆಚ್ಚು ತಡೆಯುತ್ತವೆ. ಸಂಖ್ಯೆ 200ರಿಂದ 450ರವರೆಗೆ ಬರುತ್ತದೆ. ಮೂತ್ರದ್ದು ಸೊನ್ನೆಯ ಹತ್ತಿರ, ಆದ್ದರಿಂದ ಕಲ್ಲು ಹೊಳೆಯುತ್ತದೆ. ಎರಡು ಬೇರೆ ವೋಲ್ಟೇಜ್‌ಗಳಲ್ಲಿ ಅಳೆಯುವ ಸಿಟಿಗಳಿವೆ. ಅವು ಈ ಕಲ್ಲು ಕ್ಯಾಲ್ಸಿಯಂನದೋ ಯೂರಿಕ್ ಆಮ್ಲದ್ದೋ ಎಂದು ಕೂಡ ಹೇಳುತ್ತವೆ. ಯೂರಿಕ್ ಆಮ್ಲದ್ದಾದರೆ ಮೂತ್ರದ ಆಮ್ಲೀಯತೆ ತಗ್ಗಿಸುವ ಔಷಧದಿಂದಲೇ ಕರಗಿಸಬಹುದು. ಎಂದಮೇಲೆ ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂಬ ತೀರ್ಮಾನ ಕೊನೆಗೆ ಪರಮಾಣು ಸಂಖ್ಯೆಯ ಘನಕ್ಕೆ ಬಂದು ನಿಲ್ಲುತ್ತದೆ.

ಬೆಲೆ ತೆರಬೇಕಾದದ್ದು ವಿಕಿರಣದ ರೂಪದಲ್ಲಿ. ನೆಲ, ಗಾಳಿ, ಆಹಾರ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಏಕಮಾನ) ವಿಕಿರಣ ಹೇಗೂ ಬೀಳುತ್ತದೆ. ಎದೆಯ ಒಂದು ಎಕ್ಸ್-ರೇ ಸಾಮಾನ್ಯವಾಗಿ 0.1ರ ಒಳಗೇ ಮುಗಿಯುತ್ತದೆ. ಹೊಟ್ಟೆಯ ಒಂದು ಸಿಟಿ 8ರಿಂದ 10ರವರೆಗೆ ಹೋಗಬಹುದು, ಅಂದರೆ ಮೂರು ನಾಲ್ಕು ವರ್ಷಗಳ ಸಹಜ ಪಾಲು ಒಂದೇ ಸಲಕ್ಕೆ. ಹರಳಿಗಾಗಿ ಮಾಡುವಾಗ ಪ್ರಮಾಣವನ್ನು ಬಹಳಷ್ಟು ಇಳಿಸಬಹುದು, ಇಳಿಸುತ್ತಾರೆ ಕೂಡ. ಇದರಿಂದ ಹೆದರಿ ಬೇಕಾದ ಸಿಟಿಯನ್ನು ಬಿಡುವುದು ತಿಳಿಗೇಡಿತನ. ತಲೆಗೆ ಸಣ್ಣ ಪೆಟ್ಟು ಬಿದ್ದ ಮಗುವಿಗೆ ವೈದ್ಯರು ಬೇಡವೆಂದರೂ ಪಟ್ಟುಹಿಡಿದು ಮಾಡಿಸುವುದು ಅದಕ್ಕಿಂತ ದೊಡ್ಡ ತಿಳಿಗೇಡಿತನ.

ಇನ್ನು ಸೋನೋಗ್ರಫಿ. ಈ ಊರಿನಲ್ಲಿ ಪ್ರತಿಧ್ವನಿಯ ಮಾತೆತ್ತಿ ಗೋಳಗುಮ್ಮಟವನ್ನು ಬಿಟ್ಟರೆ ನೀವು ನನ್ನನ್ನು ವೇದಿಕೆಯಿಂದ ಇಳಿಯಲು ಬಿಡುವುದಿಲ್ಲ. ಅಲ್ಲಿಂದಲೇ ಹೊರಡೋಣ. ಮೇಲಿನ ಗ್ಯಾಲರಿಯಲ್ಲಿ ಆಡಿದ ಪಿಸುಮಾತು ಸುಮಾರು 38 ಮೀಟರ್ ಆಚೆಯ ಗೋಡೆಗೆ ತಾಗಿ ಮರಳಲು ಕಾಲು ಸೆಕೆಂಡಿಗಿಂತ ಕಡಿಮೆ ಸಾಕು. ಆ ಸಮಯವನ್ನು ಅಳೆದರೆ ಗೋಡೆ ಎಷ್ಟು ದೂರ ಎಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಸೋನೋಗ್ರಫಿ ಮಾಡುವುದು ಇಷ್ಟನ್ನೇ. ಮೈಯೊಳಗೆ ಶಬ್ದದ ವೇಗ ಸೆಕೆಂಡಿಗೆ 1540 ಮೀಟರ್ ಎಂದು ಯಂತ್ರ ಹಿಡಿದುಕೊಂಡಿರುತ್ತದೆ. ಹತ್ತು ಸೆಂಟಿಮೀಟರ್ ಆಳದಿಂದ ಪ್ರತಿಧ್ವನಿ ಮರಳಲು 130 ಮೈಕ್ರೋಸೆಕೆಂಡ್.

ಹಾಗಾದರೆ ನಾವು ಮಾತನಾಡುವ ಸ್ವರದಲ್ಲೇ ಒಳಗಿನ ಹರಳನ್ನು ಹುಡುಕಬಾರದೇಕೆ? 300 ಹರ್ಟ್ಸ್ ಆವೃತ್ತಿಯ, ಅಂದರೆ ಸೆಕೆಂಡಿಗೆ 300 ಸಲ ಕಂಪಿಸುವ, ಸ್ವರದ ಒಂದು ಅಲೆ ಮಾಂಸದೊಳಗೆ ಐದು ಮೀಟರ್ ಉದ್ದವಾಗುತ್ತದೆ, ರೋಗಿಗಿಂತ ಅಲೆಯೇ ದೊಡ್ಡದು. ಅಲೆಗಿಂತ ತೀರ ಚಿಕ್ಕ ವಸ್ತು ಅದಕ್ಕೆ ಲೆಕ್ಕಕ್ಕಿಲ್ಲ. ಆವೃತ್ತಿಯನ್ನು 35 ಲಕ್ಷ ಹರ್ಟ್ಸ್‌ಗೆ ಏರಿಸಿದರೆ ಅಲೆ ಅರ್ಧ ಮಿಲಿಮೀಟರಿಗೂ ಕಡಿಮೆಯಾಗುತ್ತದೆ. ಹೊಟ್ಟೆಗೆ ಬಳಸುವುದು ಇದೇ ಸುಮಾರಿನ ಆವೃತ್ತಿ. ಇನ್ನೂ ಏರಿಸಿದರೆ ಚಿತ್ರ ಇನ್ನೂ ನಯವಾಗುತ್ತದೆ, ಆದರೆ ಶಬ್ದ ಆಳಕ್ಕೆ ಇಳಿಯುವ ಮೊದಲೇ ಬತ್ತಿಹೋಗುತ್ತದೆ. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಚರ್ಮದ ಕೆಳಗೇ ಇರುವುದರಿಂದ ಅಲ್ಲಿ ಒಂದು ಕೋಟಿ ಹರ್ಟ್ಸ್ ನಡೆಯುತ್ತದೆ, ಸ್ಥೂಲಕಾಯದವರ ಮೂತ್ರಪಿಂಡಕ್ಕೆ ನಡೆಯುವುದಿಲ್ಲ.

ಶಬ್ದ ಹಿಂತಿರುಗುವುದು ಎರಡು ವಸ್ತುಗಳು ಸೇರುವ ಗಡಿಯಲ್ಲಿ. ಕೊಬ್ಬು ಮತ್ತು ಸ್ನಾಯುವಿನ ಗಡಿಯಲ್ಲಿ ಮರಳುವುದು ನೂರಕ್ಕೆ ಒಂದು ಪಾಲು, ಉಳಿದದ್ದು ಮುಂದೆ ಸಾಗುತ್ತದೆ. ಮಾಂಸ ಮತ್ತು ಗಾಳಿಯ ಗಡಿಯಲ್ಲಿ ಶೇ 99.9 ಅಲ್ಲೇ ಪುಟಿದು ಬರುತ್ತದೆ. ತಂಪಾದ ಆ ಲೋಳೆಯನ್ನು ಹೊಟ್ಟೆಗೆ ಸವರುವುದು ಚರ್ಮಕ್ಕೂ ಉಪಕರಣಕ್ಕೂ ನಡುವೆ ಕೂದಲೆಳೆಯಷ್ಟೂ ಗಾಳಿ ಉಳಿಯಬಾರದೆಂದು. ಈ ಯಂತ್ರದ ಕುರುಡೂ ಇಲ್ಲೇ ಇದೆ. ಗಾಳಿ ತುಂಬಿದ ಶ್ವಾಸಕೋಶದ ಒಳಗು, ಗ್ಯಾಸ್ ತುಂಬಿದ ಕರುಳಿನ ಹಿಂದಿನದು, ಮೂಳೆಯ ಆಚೆಯದು ಇದಕ್ಕೆ ಸಿಗುವುದಿಲ್ಲ. ಮೂತ್ರಪಿಂಡದಲ್ಲಿ ಕೂತ ಹರಳು ಹೊಳೆಯುವ ಚುಕ್ಕೆಯಾಗಿ, ಹಿಂದೆ ಕರಿಯ ನೆರಳು ಎಳೆದುಕೊಂಡು ಕಾಣುತ್ತದೆ. ಅಲ್ಲಿ ಕ್ಯಾಲ್ಸಿಯಂ, ಯೂರಿಕ್ ಆಮ್ಲ ಎಂಬ ಭೇದವೇ ಇಲ್ಲ, ಏಕೆಂದರೆ ಶಬ್ದಕ್ಕೆ ಬೇಕಾದದ್ದು ಗಟ್ಟಿತನ ಮತ್ತು ಸಾಂದ್ರತೆ. ಎಕ್ಸ್-ರೇ ಕಡೆಗಣಿಸಿದ ಗುಣವನ್ನೇ ಇದು ಹಿಡಿಯಿತು ನೋಡಿ. ಅದೇ ಹರಳು ಜಾರಿ ಮೂತ್ರನಾಳದ ನಡುಭಾಗಕ್ಕೆ ಇಳಿದರೆ ಮುಂದೆ ಕರುಳಿನ ಗ್ಯಾಸ್ ಅಡ್ಡ ನಿಲ್ಲುತ್ತದೆ. ಆಗ ಕಲ್ಲು ಕಾಣದು, ಮೇಲೆ ಮೂತ್ರ ಕಟ್ಟಿಕೊಂಡು ಊದಿದ ಮೂತ್ರಪಿಂಡ ಮಾತ್ರ ಕಾಣುತ್ತದೆ. ಅನುಭವಿ ವೈದ್ಯರಿಗೆ ಎಷ್ಟೋ ಸಲ ಅಷ್ಟೇ ಸಾಕು.

ಪಿತ್ತಕೋಶದ ಹರಳಿನ ವಿಷಯಕ್ಕೆ ಬಂದರೆ ಏಣಿ ತಲೆಕೆಳಗಾಗುತ್ತದೆ. ಆ ಹರಳುಗಳಲ್ಲಿ ಕೊಲೆಸ್ಟರಾಲ್‌ನವು ಬಹಳ. ಅವುಗಳ ಸಿಟಿ ಸಂಖ್ಯೆ ಸುತ್ತಲಿನ ಪಿತ್ತರಸದ ಸಂಖ್ಯೆಗೆ ಸಮನಾದರೆ ಸಿಟಿಗೆ ಅವು ಕಾಣುವುದೇ ಇಲ್ಲ. ಅಗ್ಗದ ಸೋನೋಗ್ರಫಿ ಅವನ್ನು ಕ್ಷಣದಲ್ಲಿ ತೋರಿಸಿಬಿಡುತ್ತದೆ.

ಸೋನೋಗ್ರಫಿ ಕೋಣೆಯ ಹೊರಗೆ ಕನ್ನಡದಲ್ಲಿ ಬರೆದ ಆ ಫಲಕವನ್ನು ನೀವು ಓದಿರುತ್ತೀರಿ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ 1994ರ ಕಾಯ್ದೆ 1996ರಿಂದ ಜಾರಿಯಲ್ಲಿದೆ. ಎಂಥ ವಿಕಿರಣವನ್ನೂ ಸೂಸದ, ಇಷ್ಟು ನಿರಪಾಯದ ಯಂತ್ರವನ್ನು ನೋಂದಣಿ ಮಾಡಿಸಿ, ಲೆಕ್ಕ ಒಪ್ಪಿಸಿ ಇಟ್ಟುಕೊಳ್ಳಬೇಕಾಗಿ ಬಂದದ್ದು ಯಂತ್ರದ ತಪ್ಪಿನಿಂದಲ್ಲ.

ಎಂಆರ್‌ಐಗೆ ಬರೋಣ. ಇದು ಎಕ್ಸ್ ಕಿರಣವೂ ಅಲ್ಲ, ಶಬ್ದವೂ ಅಲ್ಲ. ನಮ್ಮ ಮೈಯಲ್ಲಿ ನೀರು ಮತ್ತು ಕೊಬ್ಬು ಹೇರಳ, ಅವುಗಳಲ್ಲಿ ಜಲಜನಕ ಹೇರಳ. ಜಲಜನಕದ ಬೀಜಕಣವಾದ ಪ್ರೋಟಾನ್ ಒಂದು ಪುಟ್ಟ ಅಯಸ್ಕಾಂತ. ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 30,000 ಪಟ್ಟು ಬಲವಾದ 1.5 ಟೆಸ್ಲಾ ಕ್ಷೇತ್ರದಲ್ಲಿ ಮನುಷ್ಯನನ್ನು ಮಲಗಿಸಿದರೆ ಈ ಪ್ರೋಟಾನುಗಳಲ್ಲಿ ಒಂದಿಷ್ಟು ಕ್ಷೇತ್ರದ ದಿಕ್ಕಿಗೆ ವಾಲುತ್ತವೆ. ಒಂದಿಷ್ಟು ಎಂದರೆ ಎಷ್ಟು? ಹತ್ತು ಲಕ್ಷ ಪ್ರೋಟಾನುಗಳಲ್ಲಿ ಆ ಕಡೆ ಈ ಕಡೆಗಳ ಅಂತರ ಕೇವಲ ಐದು. ಆ ಐದರ ಬಲದ ಮೇಲೆ ಇಡೀ ಎಂಆರ್‌ಐ ನಿಂತಿದೆ. ಮೈಯಲ್ಲಿ ಪ್ರೋಟಾನುಗಳ ಸಂಖ್ಯೆ ಎಣಿಕೆಗೆ ಸಿಗದಷ್ಟಿರುವುದರಿಂದ ಐದೇ ಸಾಕಾಗುತ್ತದೆ.

ಅವು 1.5 ಟೆಸ್ಲಾದಲ್ಲಿ ಸೆಕೆಂಡಿಗೆ ಸುಮಾರು 6.4 ಕೋಟಿ ಸಲ ಓಲಾಡುತ್ತ ಸುತ್ತುತ್ತವೆ. ಅದೇ ಆವೃತ್ತಿಯ ರೇಡಿಯೋ ತರಂಗ ಕೊಟ್ಟರೆ ಶಕ್ತಿ ಪಡೆದು ಬಾಗುತ್ತವೆ, ನಿಲ್ಲಿಸಿದರೆ ತಾವೇ ರೇಡಿಯೋ ಸಂಕೇತ ಹೊರಡಿಸುತ್ತ ಮೊದಲಿನ ಸ್ಥಿತಿಗೆ ಮರಳುತ್ತವೆ. ನಿಮ್ಮ ಎಫ್‌ಎಂ ಬ್ಯಾಂಡ್ 88 ಮೆಗಾಹರ್ಟ್ಸ್‌ನಿಂದ ಶುರುವಾಗುತ್ತದೆ, ಇದು 64, ಅದರ ಸ್ವಲ್ಪ ಕೆಳಗೆ. ಹೊರಗಿನ ರೇಡಿಯೋ ಒಳನುಗ್ಗದಂತೆ ಆ ಕೋಣೆಯ ಗೋಡೆಗಳಿಗೆಲ್ಲ ತಾಮ್ರದಂಥ ಲೋಹದ ಹೊದಿಕೆ ಇರುತ್ತದೆ. ಮರಳಲು ಬೇಕಾದ ಸಮಯ ಕೊಬ್ಬಿನಲ್ಲಿ ಒಂದು, ನೀರಿನಲ್ಲಿ ಇನ್ನೊಂದು, ಬಾವು ಬಂದ ಭಾಗದಲ್ಲಿ ಮತ್ತೊಂದು. ಚಿತ್ರದ ಬಿಳಿ-ಕಪ್ಪು ಹೆಚ್ಚಾಗಿ ಹುಟ್ಟುವುದು ಈ ಸಮಯಗಳ ವ್ಯತ್ಯಾಸದಿಂದ. ಸಂಕೇತ ಎಲ್ಲಿಂದ ಬಂತು ಎಂದು ತಿಳಿಯಲು ಕಾಂತಕ್ಷೇತ್ರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಷ್ಟಿಷ್ಟೇ ಏರಿಸುತ್ತಾರೆ. ಆಗ ಪ್ರತಿ ಜಾಗದ ಪ್ರೋಟಾನಿಗೂ ಬೇರೆ ಆವೃತ್ತಿ, ಆವೃತ್ತಿಯೇ ವಿಳಾಸ. ಇದಕ್ಕಾಗಿ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ 2003ರ ನೊಬೆಲ್ ಹಂಚಿಕೊಂಡರು. ಆ ಏರಿಳಿತದ ಸುರುಳಿಗಳಲ್ಲಿ ವಿದ್ಯುತ್ ಪ್ರತಿ ಸಲ ಹರಿದಾಗಲೂ ಸುರುಳಿ ಅದುರುತ್ತದೆ. ಒಳಗೆ ಮಲಗಿದವರ ಎದೆ ನಡುಗಿಸುವ ಆ ಬಡಿತ ಅದೇ.

ಮೆದುಳು, ಬೆನ್ನುಹುರಿ, ಮೂಳೆಗಳ ನಡುವಿನ ಡಿಸ್ಕ್, ಮೊಣಕಾಲಿನ ಅಸ್ಥಿರಜ್ಜು ಇವುಗಳಲ್ಲಿ ಎಂಆರ್‌ಐಗೆ ಸರಿಸಾಟಿ ಇಲ್ಲ. ರಕ್ತ ನಿಂತುಹೋದ ಮೆದುಳಿನ ಭಾಗವನ್ನು ಸಿಟಿ ಮೊದಲ ಕೆಲವು ಗಂಟೆ ಗುರುತಿಸದೆ ಇರಬಹುದು. ನೀರಿನ ಅಣುಗಳ ಚಲನೆಯನ್ನು ಅಳೆಯುವ ಎಂಆರ್‌ಐ ಅದನ್ನು ಬಹಳ ಬೇಗ ಹಿಡಿಯುತ್ತದೆ. ವಿಕಿರಣದ ಭಯವಂತೂ ಇಲ್ಲ. ಇಲ್ಲಿಯ ಒಂದು ರೇಡಿಯೋ ಕಣದ ಶಕ್ತಿ ಎಕ್ಸ್-ರೇ ಕಣದ ಶಕ್ತಿಗಿಂತ ಇಪ್ಪತ್ತು ಸಾವಿರ ಕೋಟಿ ಪಟ್ಟು ಕಡಿಮೆ.

ಇಂಥ ಯಂತ್ರದ ಮುಂದೆ ನಮ್ಮ ಹರಳನ್ನು ಇಡಿ. ಬಹುಮಟ್ಟಿಗೆ ಏನೂ ಇಲ್ಲ! ಹರಳಿನಲ್ಲಿ ಜಲಜನಕ ಇದ್ದರೂ ಅದು ಘನದಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿದೆ. ಅದರ ಸಂಕೇತ ಯಂತ್ರ ಕಿವಿಗೊಡುವ ಮೊದಲೇ ಅಳಿದುಹೋಗುತ್ತದೆ. ಸುತ್ತ ಮೂತ್ರ ಇದ್ದರೆ ಅದರ ನಡುವೆ ಒಂದು ಕಪ್ಪು ಖಾಲಿ ಜಾಗ ಕಂಡೀತು, ಸಣ್ಣ ಕಲ್ಲಾದರೆ ಅದೂ ಇಲ್ಲ. ಏಣಿಯ ತುದಿಯಲ್ಲಿ ಕೂರಿಸಿದ ಯಂತ್ರ ಈ ಜಿಲ್ಲೆಯ ಅತಿ ಪರಿಚಿತ ನೋವಿನ ಮುಂದೆ ಕಣ್ಣು ಕಟ್ಟಿಕೊಂಡು ನಿಲ್ಲುತ್ತದೆ.

ಪೆಟ್ ಸ್ಕ್ಯಾನ್ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ವಿಕಿರಣಶೀಲ ಫ್ಲೋರಿನ್-18 ಅಂಟಿಸಿದ ಸಕ್ಕರೆಯನ್ನು ರಕ್ತನಾಳಕ್ಕೆ ಕೊಡುತ್ತಾರೆ. ಹಸಿದ ಜೀವಕೋಶಗಳು, ಅವುಗಳಲ್ಲಿ ಅನೇಕ ಬಗೆಯ ಕ್ಯಾನ್ಸರ್ ಕೋಶಗಳೂ, ಅದನ್ನು ಹೆಚ್ಚಾಗಿ ಎಳೆದುಕೊಳ್ಳುತ್ತವೆ. ಅಲ್ಲಿ ಫ್ಲೋರಿನ್‌ನಿಂದ ಹೊರಟ ಪಾಸಿಟ್ರಾನ್ (ಎಲೆಕ್ಟ್ರಾನಿನ ಧನ ವಿದ್ಯುತ್ತಿನ ಪ್ರತಿಕಣ) ಒಂದು ಎಲೆಕ್ಟ್ರಾನನ್ನು ಸಂಧಿಸಿ ಎರಡೂ ಇಲ್ಲವಾಗಿ, ತಲಾ 511 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎರಡು ಗಾಮಾ ಕಣಗಳು ಎದುರುಬದುರು ದಿಕ್ಕಿಗೆ ಹಾರುತ್ತವೆ. ಎರಡನ್ನೂ ಒಟ್ಟಿಗೆ ಹಿಡಿದರೆ ಅವು ಹೊರಟ ಗೆರೆ ಸಿಗುತ್ತದೆ. ಇದು ಅಂಗದ ಆಕಾರವನ್ನಲ್ಲ, ಅಂಗದ ಕೆಲಸವನ್ನು ತೋರಿಸುತ್ತದೆ. ಚಿತ್ರದ ನಯ ನಾಲ್ಕೈದು ಮಿಲಿಮೀಟರಿನದು. ಎಕ್ಸ್-ರೇ ಫಿಲ್ಮ್ ಮಿಲಿಮೀಟರಿನ ಹತ್ತನೇ ಒಂದರ ಆಸುಪಾಸಿನದನ್ನು ತೋರಿಸಬಲ್ಲದು. ಅತಿ ದುಬಾರಿ ಚಿತ್ರವೇ ಅತಿ ಮಬ್ಬು. ಅದಕ್ಕೇ ಪೆಟ್ ಯಂತ್ರದ ಜೊತೆಗೆ ಸಾಮಾನ್ಯವಾಗಿ ಒಂದು ಸಿಟಿಯನ್ನೂ ಕಟ್ಟಿರುತ್ತಾರೆ.

ಇನ್ನು ಪ್ರಶ್ನೆಗಳು.

ಪೆಟ್ ಸ್ಕ್ಯಾನ್ ಎಲ್ಲ ಊರುಗಳಲ್ಲಿ ಏಕಿಲ್ಲ ಎಂದು ಕಾಲೇಜು ವಿದ್ಯಾರ್ಥಿಯೊಬ್ಬ ಕೇಳಿದ. ಫ್ಲೋರಿನ್-18ರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಅಳಿಯಲು ಬೇಕಾದ ಸಮಯ, 110 ನಿಮಿಷ. ಸೈಕ್ಲೋಟ್ರಾನ್ ಎಂಬ ಕಣವೇಗವರ್ಧಕ ಯಂತ್ರದಲ್ಲಿ ತಯಾರಾದ ಗಳಿಗೆಯಿಂದ ಅದು ಕರಗತೊಡಗುತ್ತದೆ. ಬೆಂಗಳೂರಿನಲ್ಲಿ ನಸುಕಿನಲ್ಲಿ ವಾಹನಕ್ಕೆ ಹಾಕಿ, ವಿಜಯಪುರ ತಲುಪಲು ಒಂಬತ್ತು ಗಂಟೆ ಹಿಡಿಯಿತು ಎನ್ನಿ, ಐದು ಅರ್ಧಾಯುಷ್ಯ ಕಳೆಯಿತು. ಉಳಿದದ್ದು 32ರಲ್ಲಿ ಒಂದು ಪಾಲು. ಯಂತ್ರ ಕೊಂಡರೆ ಮುಗಿಯಲಿಲ್ಲ, ಕೆಲವೇ ಗಂಟೆಗಳ ದಾರಿಯಲ್ಲಿ ಸೈಕ್ಲೋಟ್ರಾನ್ ಇರಬೇಕು ಅಥವಾ ವಿಮಾನ ಇರಬೇಕು.

ಎಂಆರ್‌ಐಗೆ ಹೋಗುವಾಗ ತಾಳಿ, ಮೂಗುತಿ, ಕಾಲುಂಗುರ ತೆಗೆಯಲೇಬೇಕೇ ಎಂದು ತಾಯಿಯೊಬ್ಬರು ಕೇಳಿದರು. ಚಿನ್ನ, ಬೆಳ್ಳಿಯನ್ನು ಅಯಸ್ಕಾಂತ ಎಳೆಯುವುದಿಲ್ಲ, ನಿಜ. ಆದರೆ ಅವು ಒಳ್ಳೆಯ ವಾಹಕಗಳು, ರೇಡಿಯೋ ತರಂಗಕ್ಕೆ ಬಿಸಿಯಾಗಬಹುದು, ಸುತ್ತಲಿನ ಚಿತ್ರವನ್ನೂ ಕೆಡಿಸುತ್ತವೆ. ಲೋಹದ ಎಳೆ ಇರುವ ಜರಿ ಸೀರೆಗೂ ಇದೇ ಮಾತು. ಸೆರಗಿಗೆ ಚುಚ್ಚಿದ ಉಕ್ಕಿನ ಪಿನ್ನು ಮಾತ್ರ ಬೇರೆಯ ಜಾತಿ, ಅದು ಹಾರುತ್ತದೆ. ಕರೆಂಟ್ ಹೋಗಿದೆ, ಯಂತ್ರ ನಿಂತಿದೆ ಎಂದುಕೊಂಡು ಒಳಗೆ ನುಗ್ಗಬೇಡಿ. ದ್ರವ ಹೀಲಿಯಂನಲ್ಲಿ ಮೈನಸ್ 269 ಡಿಗ್ರಿಗೆ ತಣಿದ ಆ ಸುರುಳಿಯಲ್ಲಿ ವಿದ್ಯುತ್ ತಡೆಯಿಲ್ಲದೆ ಹರಿಯುತ್ತಲೇ ಇರುತ್ತದೆ, ಅಯಸ್ಕಾಂತಕ್ಕೆ ಹಗಲು ರಾತ್ರಿ ಇಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಅದನ್ನು ಮೊದಲೇ ಹೇಳಬೇಕು.

ಇಡೀ ದೇಹದ ಸ್ಕ್ಯಾನ್ ಪ್ಯಾಕೇಜುಗಳ ಬಗ್ಗೆಯೂ ಕೇಳಿದರು. ನೋವಿಲ್ಲ, ಅನುಮಾನವಿಲ್ಲ, ಸುಮ್ಮನೆ ಎಲ್ಲವನ್ನೂ ನೋಡಿಬಿಡೋಣ ಎಂದು ಹೊರಟರೆ ಯಾವುದೋ ಮೂಲೆಯಲ್ಲಿ ಒಂದು ನಿರಪಾಯದ ಗುಳ್ಳೆ ಖಂಡಿತ ಸಿಗುತ್ತದೆ. ಅದು ನಿರಪಾಯ ಎಂದು ಸಾಬೀತು ಮಾಡಲು ಇನ್ನೊಂದು ಸ್ಕ್ಯಾನ್, ಬಳಿಕ ಒಂದು ಸೂಜಿ. ನಾನಾದರೆ ಆ ಹಣವನ್ನು ಉಳಿಸಿಕೊಳ್ಳುತ್ತೇನೆ.

ಕೊನೆಗೆ ಹಿರಿಯರೊಬ್ಬರು ಎದ್ದುನಿಂತರು: ‘ಸೋನೋಗ್ರಫಿಗೆ ಹೋದರೆ ಹೊಟ್ಟೆ ಖಾಲಿ ಇರಲಿ, ಮೂತ್ರ ತುಂಬಿರಲಿ ಎನ್ನುತ್ತಾರೆ. ಎರಡನ್ನೂ ಏಕೆ ಕಾಡುತ್ತಾರೆ?’ ತುಂಬಿದ ಮೂತ್ರಕೋಶ ಗ್ಯಾಸಿನ ಕರುಳನ್ನು ಮೇಲಕ್ಕೆ ತಳ್ಳಿ ಶಬ್ದಕ್ಕೆ ನೀರಿನ ದಾರಿ ಮಾಡಿಕೊಡುತ್ತದೆ. ಅದರ ಹಿಂದೆ, ಮೂತ್ರನಾಳದ ತುದಿಯಲ್ಲಿ ಕೂತ ಹರಳು ಆಗ ಕಾಣುತ್ತದೆ. ಖಾಲಿ ಹೊಟ್ಟೆ ಪಿತ್ತಕೋಶಕ್ಕಾಗಿ. ಉಪವಾಸವಿದ್ದಾಗ ಅದರಲ್ಲಿ ಪಿತ್ತರಸ ತುಂಬಿ ಉಬ್ಬಿರುತ್ತದೆ, ಒಳಗಿನ ಹರಳು ಸ್ಪಷ್ಟ. ಹೋಗುವ ದಾರಿಯಲ್ಲಿ ಒಂದು ಪ್ಲೇಟ್ ಮಿರ್ಚಿ ಭಜಿ ತಿಂದಿರೋ, ಎಣ್ಣೆ ಕಂಡ ಪಿತ್ತಕೋಶ ತನ್ನಲ್ಲಿದ್ದದ್ದನ್ನೆಲ್ಲ ಕರುಳಿಗೆ ಹಿಂಡಿ ಮುದುಡಿಕೊಳ್ಳುತ್ತದೆ, ವೈದ್ಯರು ನಾಳೆ ಬನ್ನಿ ಎನ್ನುತ್ತಾರೆ.